ಟೇಪು ಸುತ್ತಿದ ಸಟ್ಟುಗ

ನನ್ನ ಅಡುಗೆಮನೆಗೆ ಬಂದವರೆಲ್ಲ ಮೊದಲು ಕೇಳುವುದು ದೋಸೆ ಸಟ್ಟುಗದ ಸಮಾಚಾರ. "ವನಜಕ್ಕ, ಇದರ ಹಿಡಿ ಮುರಿದಿದೆಯಾ?" ಇಲ್ಲ, ಮುರಿದಿಲ್ಲ. ಊರಿನಿಂದ ತಂದ ಗಟ್ಟಿ ಕಬ್ಬಿಣದ ಸಟ್ಟುಗ ಅದು. ಅದರಲ್ಲಿ ಹೊಡೆದರೆ ಹೊಡೆಸಿಕೊಂಡವರದ್ದು ಮುರಿದೀತೇ ಹೊರತು ಅದರದ್ದೇನೂ ಮುರಿಯುವುದಿಲ್ಲ. ಹಿಡಿಯ ಉದ್ದಕ್ಕೂ ಬಿಳಿ ಬಟ್ಟೆಯ ಟೇಪು ಸುತ್ತಿದೆ. ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ಬಿಳಿ ಎನ್ನುವುದು ಹಳೆಯ ಮಾತಾಯಿತು. ಈಗ ಅದು ಎಣ್ಣೆ, ಅರಿಶಿನ, ಮಸಿ ಎಲ್ಲ ಕುಡಿದು ಇಂಥದೇ ಬಣ್ಣ ಎಂದು ಹೇಳುವ ಹಾಗಿಲ್ಲ. ಇಲ್ಲೇ ಹತ್ತಿರದ ಮೆಡೋವೇಲಿನಲ್ಲಿರುವ ಪ್ರಮೀಳಕ್ಕ ಒಮ್ಮೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಎಂತ ಮಾರಾಯ್ತಿ ಇದು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಹಾಗೆ ಉಂಟು! ಬಿಚ್ಚಿ ಬಿಸಾಡು" ಎಂದರು. "ಆಯ್ತು, ಬಿಚ್ತೇನೆ" ಎಂದೆ. ಬಿಚ್ಚಲಿಲ್ಲ.

ಅದನ್ನು ಸುತ್ತಿದವಳು ಐಸ್ ಹಾಕಿಯ ಗೋಲ್‌ಕೀಪರು. ನಾನೂ ಐಸ್ ಹಾಕಿಯೂ! ನೀವು ನಗುತ್ತೀರಿ ಎಂದು ನನಗೆ ಗೊತ್ತು. ಫ್ರೀಜರಿನಿಂದ ಮೀನು ತೆಗೆಯುವಾಗಲೂ ಕೈಗವಸು ಹುಡುಕುವ ಹೆಂಗಸು ನಾನು. ಮದುವೆಯಾಗಿ ಕೆನಡಾಕ್ಕೆ ಬಂದವಳು. ಮದುವೆ ನಿಲ್ಲಲಿಲ್ಲ, ಕೆನಡಾ ನಿಂತಿತು. ಟೊರಾಂಟೊ ಹತ್ತಿರದ ಮಿಲ್ಟನ್ನಿನಲ್ಲಿ ಎಲ್ಲ ಮನೆಗಳೂ ಒಂದೇ ಥರ ಇರುವ ಹೊಸ ಬಡಾವಣೆಯಲ್ಲಿ ಒಂದು ಮನೆ, ಮೆಡೋವೇಲಿನ ಔಷಧಿ ಕಂಪೆನಿಯ ಲ್ಯಾಬಿನಲ್ಲಿ ಒಂದು ಕೆಲಸ, ನಡುವೆ ಕಾರು. ಮಾತಾಡುವುದಕ್ಕೆ ಜಿಪಿಎಸ್ಸಿನ ಹೆಂಗಸು. ಅವಳೂ ನಾನು ದಾರಿ ತಪ್ಪಿದರೆ ಮಾತ್ರ ಉದ್ದಕ್ಕೆ ಮಾತಾಡುವವಳು. ಹಾಗಾಗಿ ಕೆಲವು ಸಲ ಬೇಕೆಂದೇ ದಾರಿ ತಪ್ಪುತ್ತಿದ್ದೆ.

ಹಾಗಿರುವಾಗ ದೂರದ ಎಡ್ಮಂಟನ್ನಿನಿಂದ ಶಕುಂತಳಾ ಫೋನು ಮಾಡಿದಳು. ಉಡುಪಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. "ವನಜಾ, ನನ್ನ ಮಗಳು ಟೊರಾಂಟೊ ಕಡೆ ಬರ್ತಾಳೆ. ಅವಳಿಗೆ ಐಸ್ ಹಾಕಿ ಟೀಮಿನಲ್ಲಿ ಜಾಗ ಸಿಕ್ಕಿದೆ. ಪ್ರೊಫೆಷನಲ್ ಅಂತೆ. ನಿನ್ನಲ್ಲಿ ಒಂದು ರೂಮು ಉಂಟಲ್ಲ?" ಉಂಟು. ರೂಮು ಮಾತ್ರ ಏನು, ಇಡೀ ಮನೆಯೇ ಖಾಲಿ ಉಂಟು ಎಂದು ಹೇಳಬೇಕೆನಿಸಿತು. "ಕಳಿಸು ಮಾರಾಯ್ತಿ, ಕೇಳುದು ಎಂತ" ಎಂದೆ. ಅದು ಎರಡು ಸಾವಿರದ ಹದಿನೈದರ ಬೇಸಿಗೆಯ ಕೊನೆ.

ದೀಕ್ಷಾ ಬಂದಳು. ಅವಳ ಜೊತೆ ಅವಳಿಗಿಂತ ದೊಡ್ಡದೊಂದು ಚೀಲವೂ, ಆ ಚೀಲದ ವಾಸನೆಯೂ ಬಂದವು. ಆ ವಾಸನೆಯನ್ನು ಹೇಗೆ ವರ್ಣಿಸಲಿ? ನಾನು ಕಡಲ ತೀರದವಳು, ಒಣಮೀನಿನ ಹತ್ತಿರ ಬೆಳೆದವಳು, ಸುಲಭಕ್ಕೆ ಮೂಗು ಮುಚ್ಚುವವಳಲ್ಲ. ಆದರೂ ಮೊದಲ ದಿನ ಕರೆಂಟಿನ ವಯರು ಸುಟ್ಟಿದೆಯೆಂದು ಇಡೀ ಮನೆ ಹುಡುಕಿದೆ. "ಆಂಟಿ, ದಟ್ಸ್ ಮೈ ಗೇರ್. ಸಾರಿ" ಎಂದಳು ಹುಡುಗಿ. ಕಾಲಿನ ಪ್ಯಾಡು, ಎದೆಯ ಪ್ಯಾಡು, ಮುಖವಾಡ, ಎರಡು ಕೈಗೆ ಎರಡು ನಮೂನೆಯ ಗವಸು. ಎಲ್ಲವನ್ನೂ ಬೇಸ್‌ಮೆಂಟಿನಲ್ಲಿ ಹಪ್ಪಳದ ಹಾಗೆ ಹರವುತ್ತಿದ್ದಳು. ನಾನು ಕೆಳಗೆ ಒಂದು ಧೂಪ ಹಚ್ಚಿಟ್ಟೆ. ಧೂಪ ಸೋತಿತು. ಒಂದು ತಿಂಗಳಾಗುವಾಗ ನನಗೆ ಆ ವಾಸನೆ ಬೇಕಾಗತೊಡಗಿತ್ತು. ಕೆಲಸ ಮುಗಿಸಿ ಬಾಗಿಲು ತೆಗೆದ ಕೂಡಲೇ ಮನೆಯಲ್ಲಿ ಜನ ಇದ್ದಾರೆ ಎಂದು ಅದು ಹೇಳುತ್ತಿತ್ತು.

ಪ್ರೊಫೆಷನಲ್ ಎಂದ ಕೂಡಲೇ ನೀವು ಟೀವಿಯಲ್ಲಿ ಕಾಣುವ ಗಂಡಸರ ಹಾಕಿಯನ್ನು ನೆನೆಯಬೇಡಿ. ಹೆಂಗಸರ ಈ ಲೀಗಿನಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕು. ದೀಕ್ಷಾ ಹಗಲು ಮೆಡೋವೇಲಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೂರುತ್ತಿದ್ದಳು, ಸಂಜೆ ಪ್ರ್ಯಾಕ್ಟೀಸಿಗೆ ಓಡುತ್ತಿದ್ದಳು. ಬೆಳಿಗ್ಗೆ ನನ್ನ ಕಾರಿನಲ್ಲೇ ಬರುವುದು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲೋ, ಅರ್ಧಂಬರ್ಧ ಕನ್ನಡ ಬೆರೆಸಿಯೋ ಉತ್ತರ ಕೊಡುವಳು. ಬೈಯುವಾಗ ಮಾತ್ರ ಚಂದದ ತುಳು ಬರುತ್ತಿತ್ತು. ಜಿಪಿಎಸ್ಸಿನ ಹೆಂಗಸಿಗೆ ನಾನು ರಜೆ ಕೊಟ್ಟೆ.

ಮೊದಲ ಮ್ಯಾಚಿಗೆ ನಾನು ಎರಡು ಸ್ವೆಟರು, ಒಂದು ಶಾಲು, ಒಂದು ಫ್ಲಾಸ್ಕು ಕಾಫಿಯ ಜೊತೆ ಹೋದೆ. ಒಂದು ಊರಿನ ಬಸ್‌ಸ್ಟ್ಯಾಂಡಿನಂಥ ಐಸ್ ಅರೀನಾ. ಮೇಲೆ ಕೆಂಪಗೆ ಉರಿಯುವ ಹೀಟರುಗಳು, ಕೆಳಗೆ ತಣ್ಣನೆಯ ಮರದ ಹಲಗೆ. ನೋಡುವವರೆಂದರೆ ಆಟಗಾರ್ತಿಯರ ಅಪ್ಪ ಅಮ್ಮಂದಿರು ಮತ್ತು ಜುಟ್ಟು ಕಟ್ಟಿದ ಪುಟ್ಟ ಹುಡುಗಿಯರು. ಆಟ ಶುರುವಾಯಿತು. ದೀಕ್ಷಾ ಎಲ್ಲಿ? ಅವಳು ಪೂರ್ತಿ ಪ್ಯಾಡು ಕಟ್ಟಿಕೊಂಡು, ತಲೆಗೆ ಟೋಪಿ ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಆಟಗಾರ್ತಿಯರು ಒಳಗೆ ಹೊರಗೆ ಹೋಗುವಾಗ ಬೆಂಚಿನ ಪುಟ್ಟ ಬಾಗಿಲನ್ನು ತೆಗೆಯುವಳು, ಹಾಕುವಳು. ಆಟ ಮುಗಿಯುವವರೆಗೂ ಅಷ್ಟೇ.

"ನಿನ್ನನ್ನು ಯಾಕೆ ಬಿಡ್ಲಿಲ್ಲ?" ಎಂದು ಕಾರಿನಲ್ಲಿ ಕೇಳಿದೆ.

"ಐ ಆಮ್ ದ ಬ್ಯಾಕಪ್, ಆಂಟಿ. ಗೋಲಿಗೆ ಒಬ್ಬಳೇ. ಅವಳಿಗೆ ಏನಾದ್ರೂ ಆದ್ರೆ ನಾನು."

"ಅವಳಿಗೆ ಏನಾದ್ರೂ ಆಗ್ತದಾ?"

"ಆಂಟೀ!"

ತಪ್ಪಾಯಿತು ಎಂದೆ. ಆದರೆ ಮನಸ್ಸಿನಲ್ಲಿ ಅವಳಿಗೊಂದು ಸಣ್ಣ ಶೀತವಾದರೂ ಆಗಲಿ ದೇವರೇ ಎಂದುಕೊಂಡಿದ್ದೆ. ದೊಡ್ಡದೇನೂ ಬೇಡ, ಒಂದು ಮ್ಯಾಚಿನಷ್ಟು ಶೀತ ಸಾಕು.

ದೀಕ್ಷಾಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಶಾಲೆಯ ಥ್ರೋಬಾಲ್ ಟೀಮಿನಲ್ಲಿ ನಾನೂ ಇದ್ದೆ, ಗೊತ್ತೇ? ಹೆಸರು ಕೊಟ್ಟು, ರಿಬ್ಬನ್ ಕಟ್ಟಿ, ನೀಲಿ ಲಂಗ ಹಾಕಿಕೊಂಡು ಪಕ್ಕದ ಶಾಲೆಗೆಲ್ಲ ಹೋಗಿದ್ದೆ. ಮೈದಾನಕ್ಕೆ ಇಳಿಯುವ ಹೊತ್ತಿಗೆ ಲೀಲಾ ಟೀಚರು, "ವನಜಾ, ನೀನು ಎಲ್ಲರ ಬಳೆ ಹಿಡ್ಕೋ" ಎನ್ನುವರು. ಎಲ್ಲರೂ ಬಳೆ ಬಿಚ್ಚಿ ನನ್ನ ಕೈಗೆ ತೊಡಿಸಿ ಓಡುವರು. ಮೊಣಕೈವರೆಗೆ ಬಳೆ ಹಾಕಿಕೊಂಡು ನಾನು ಗೆರೆಯ ಹೊರಗೆ ನಿಲ್ಲುತ್ತಿದ್ದೆ. ಚಪ್ಪಾಳೆ ತಟ್ಟುವ ಹಾಗೂ ಇಲ್ಲ, ತಟ್ಟಿದರೆ ಗಾಜು ಒಡೆಯುತ್ತದೆ. ಟೀಮಿನ ಫೋಟೋ ತೆಗೆಯುವಾಗ ಕೂಡ ಯಾರೋ ಮರೆತ ಎರಡು ಬಳೆ ನನ್ನ ಕೈಯಲ್ಲಿದ್ದವು. ಹಾಗಾಗಿ ಬೆಂಚಿನ ಬಾಗಿಲು ತೆಗೆಯುವ ದೀಕ್ಷಾಳನ್ನು ನೋಡಲು ನಾನು ತಪ್ಪದೆ ಹೋದೆ. ಬೇರೆಯವರು ಪಕ್ಕು ಎನ್ನುವ ಆ ಕರಿಯ ರಬ್ಬರ್ ಬಿಲ್ಲೆ ಹೋದ ಕಡೆ ತಲೆ ತಿರುಗಿಸುತ್ತಿದ್ದರು. ನಾನೊಬ್ಬಳೇ ಬಾಗಿಲನ್ನು ನೋಡುತ್ತಿದ್ದೆ.

ಮನೆಯಲ್ಲಿ ಮಾತ್ರ ಅವಳು ಬಿಡುವಿಲ್ಲದ ಗೋಲ್‌ಕೀಪರು. ನಾನು ಎಸೆದ ಟೊಮ್ಯಾಟೊ, ಬೆಳ್ಳುಳ್ಳಿ, ಕಾರಿನ ಕೀ ಎಲ್ಲ ಒಂದೇ ಕೈಯಲ್ಲಿ ಹಿಡಿಯುವಳು. ಟೀವಿ ನೋಡುತ್ತ ಹಾಕಿ ಸ್ಟಿಕ್ಕಿಗೆ ಟೇಪು ಸುತ್ತುವಳು; ಹಳೆಯದನ್ನು ಕಿತ್ತು, ಹೊಸದನ್ನು ಒಂದರ ಮೇಲೊಂದು ಅರ್ಧರ್ಧ ಬರುವ ಹಾಗೆ ಸುತ್ತಿ, ತುದಿಗೆ ದಪ್ಪ ಗಂಟು ಕಟ್ಟುವಳು. ಗಂಟು ಇದ್ದರೆ ಬಿದ್ದ ಸ್ಟಿಕ್ಕನ್ನು ದಪ್ಪ ಗವಸಿನ ಕೈಯಲ್ಲೂ ಎತ್ತಬಹುದಂತೆ. "ಆಡದ ಸ್ಟಿಕ್ಕಿಗೆ ವಾರವಾರ ಯಾಕೆ ಮಾರಾಯ್ತಿ ಹೊಸ ಟೇಪು?" ಎಂದು ಒಮ್ಮೆ ಬಾಯಿ ಜಾರಿ ಕೇಳಿಬಿಟ್ಟೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಜಸ್ಟ್ ಇನ್ ಕೇಸ್, ಆಂಟಿ" ಎಂದಳು.

ಶಕುಂತಳಾ ಪ್ರತಿ ಭಾನುವಾರ ಫೋನು ಮಾಡುವಳು. ಊಟ, ಚಳಿ, ಮಂಡಿನೋವು ಎಲ್ಲ ಮುಗಿದ ಮೇಲೆ ಸ್ವರ ತಗ್ಗಿಸಿ, "ಅಲ್ಲಾ ವನಜಾ, ಅವಳು ಒಂದು ಪೂರ್ತಿ ಮ್ಯಾಚು ಆಡಿದ್ಲಾ?" ಎಂದು ಕೇಳುವಳು. ಮಗಳಲ್ಲಿ ಕೇಳುವ ಧೈರ್ಯವಿಲ್ಲ. "ಇಲ್ಲ ಮಾರಾಯ್ತಿ, ಮುಂದಿನ ವಾರ ನೋಡುವ" ಎನ್ನುತ್ತಿದ್ದೆ. ಒಂದು ಕ್ರಿಸ್‌ಮಸ್ಸಿಗೆ ಅವಳೇ ವಿಮಾನ ಹತ್ತಿ ಬಂದಳು. ಹೊಸ ಕ್ಯಾಮರಾ ತಂದು, ಬೆಂಚಿನ ಎದುರಿಗೇ ಕುಳಿತು, ಆಟ ಮುಗಿಯುವವರೆಗೂ ಕಾದಳು. ಕೊನೆಗೆ ಬಾಗಿಲು ತೆಗೆಯುವ ಮಗಳ ಒಂದು ಫೋಟೋ ತೆಗೆದಳು. ನಾನು, "ಬಾಗಿಲು ಚಂದ ತೆಗೀತಾಳೆ" ಎಂದೆ. ಶಕುಂತಳಾ ನನ್ನ ಕೈಯನ್ನು ಗಟ್ಟಿಯಾಗಿ ಚಿವುಟಿದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಆಮೇಲೆ ಅವಳಿಗೆ ಅಳು ಬಂತು.

ನಿಂಬೆಹಣ್ಣಿನ ಕತೆ ಹೇಳದಿದ್ದರೆ ದೀಕ್ಷಾ ನನ್ನನ್ನು ಬಿಡಲಿಕ್ಕಿಲ್ಲ. ಇಲ್ಲಿ ನಮ್ಮ ಹಬ್ಬಗಳೆಲ್ಲ ಪಂಚಾಂಗದಲ್ಲಿ ಯಾವ ದಿನ ಇದ್ದರೂ ಶನಿವಾರವೇ ಬರುತ್ತವೆ. ಅವಳು ಬಂದ ವರ್ಷ ಆಯುಧಪೂಜೆಯೂ ಹಾಗೆಯೇ ಒಂದು ಶನಿವಾರ ಬಂತು. ಕಾರಿಗೆ ಹೂ ಹಾಕಿದೆ, ಚಾಕುವಿಗೆ, ಮಿಕ್ಸಿಗೆ ಕುಂಕುಮ ಇಟ್ಟೆ. ಇವಳ ಆಯುಧ? ಸ್ಕೇಟ್ ಬೂಟುಗಳನ್ನು ಗರಾಜಿನಲ್ಲಿಟ್ಟು, ಮುಖವಾಡಕ್ಕೆ ಅರಿಶಿನ ಹಚ್ಚಿ, ಆರತಿ ಎತ್ತಿದೆ. ಕಾರಿನ ಚಕ್ರದ ಅಡಿಗೆ ಇಡುವ ಹಾಗೆಯೇ ಒಂದೊಂದು ಸ್ಕೇಟಿನ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು, "ಹಾಕಿಕೊಂಡು ತುಳಿ ಮಗಾ, ದೃಷ್ಟಿ ಹೋಗ್ಲಿ" ಎಂದೆ. ಪಾಪದ ಹುಡುಗಿ, ತುಳಿದಳು. ನಿಂಬೆಹಣ್ಣು ಒಡೆಯಿತು. ಅಡಿಯ ಕಾಂಕ್ರೀಟಿಗೆ ಉಜ್ಜಿ ಬ್ಲೇಡಿನ ಹರಿತವೂ ಹೋಯಿತು.

ಮಧ್ಯಾಹ್ನ ಮ್ಯಾಚಿಗೆ ಮೊದಲಿನ ಅಭ್ಯಾಸಕ್ಕೆ ಎಲ್ಲರ ಜೊತೆ ಐಸಿಗೆ ಇಳಿದವಳು ಕಾಲು ಜಾರಿ, ಕುಳಿತಲ್ಲಿಂದಲೇ ಮೂರು ಜನರನ್ನು ಬೀಳಿಸಿದಳು. ಟೀಮಿನ ಸಾಮಾನು ನೋಡಿಕೊಳ್ಳುವವನು ಬೂಟು ಬಿಚ್ಚಿ ನೋಡಿದರೆ ಬ್ಲೇಡಿನ ಸಂದಿಯಲ್ಲಿ ನಿಂಬೆಬೀಜ! ನಾನು ಶಾಲಿನಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಆ ದಿನ ಅವರು ಗೆದ್ದರು. ಅಯ್ಯೋ, ಹಾಕಿಯವರ ನಂಬಿಕೆಗಳ ಮುಂದೆ ನಮ್ಮದೆಲ್ಲ ಏನೂ ಅಲ್ಲ. ಎಡಗಾಲಿನ ಬೂಟನ್ನೇ ಮೊದಲು ಹಾಕಬೇಕು, ಗೆಲ್ಲುತ್ತಿರುವಾಗ ಕಾಲುಚೀಲ ತೊಳೆಯಬಾರದು, ಒಬ್ಬರ ಸ್ಟಿಕ್ಕನ್ನು ಒಬ್ಬರು ದಾಟಬಾರದು. ಮಡಿ ಎಂದರೆ ಮಡಿ. ಮರುವರ್ಷ ಇಡೀ ಟೀಮು ಸ್ಕೇಟು ಹಿಡಿದುಕೊಂಡು ನನ್ನ ಗರಾಜಿಗೆ ಬಂತು. "ಲೆಮನ್ ಆಂಟಿ" ಎಂದು ನನಗೆ ಹೆಸರಾಯಿತು. ಈ ಸಲ ಬ್ಲೇಡುಗಳಿಗೆ ಪ್ಲಾಸ್ಟಿಕ್ಕಿನ ಕವಚ ಹಾಕಿಸಿದೆ. ಎತ್ತರದ ಬಿಳಿ ಹುಡುಗಿಯರೆಲ್ಲ ಸಾಲಾಗಿ ನಿಂತು ಗಂಭೀರವಾಗಿ ನಿಂಬೆಹಣ್ಣು ತುಳಿದರು, ಅವಲಕ್ಕಿ ತಿಂದರು, ಹೋದರು. ಅವರೆಲ್ಲರ ಸ್ಕೇಟುಗಳೂ ಆಡಿದವು. ದೀಕ್ಷಾಳದ್ದು ಬೆಂಚಿನ ಕೆಳಗಿನ ರಬ್ಬರಿನ ಮೇಲೆಯೇ ಇತ್ತು.

ಈಗಲೂ ಆಯುಧಪೂಜೆ ಮಾಡುತ್ತೇನೆ. ಕಾರು, ಚಾಕು, ಮಿಕ್ಸಿ, ಮತ್ತೆ ಈ ಸಟ್ಟುಗ. ಅವಲಕ್ಕಿ ಕಲಸುವಾಗ ಕೈ ಅಳತೆ ಮರೆತು ಹೆಚ್ಚು ಮಾಡಿಬಿಡುತ್ತದೆ. ಒಬ್ಬಳೇ ವಾರವಿಡೀ ತಿನ್ನುತ್ತೇನೆ, ಬೇಜಾರಾಗುತ್ತದೆ.

ಒಂದು ಸಲ ಅವಳು ಮ್ಯಾಚಿನಲ್ಲೂ ಐಸಿಗೆ ಇಳಿದಳು, ಇಲ್ಲವೆಂದಲ್ಲ. ಆಟದ ನಡುವೆ ಮೊದಲ ಗೋಲ್‌ಕೀಪರಿನ ಸ್ಕೇಟಿನ ಬ್ಲೇಡು ಕಳಚಿ ಬಂತು. ಕೋಚು ಕೈ ಮಾಡಿದ. ದೀಕ್ಷಾ ಟೋಪಿ ತೆಗೆದು ಮುಖವಾಡ ಹಾಕಿಕೊಂಡು ಹೊರಟಾಗ ನಾನು ಎದ್ದು ನಿಂತೆ, ಕಾಫಿ ಎಲ್ಲ ಮುಂದಿನವರ ಬೆನ್ನಿಗೆ. ಬ್ಲೇಡು ಸರಿಮಾಡಿ ತರುವವರೆಗೂ ಅವಳು ಗೋಲಿನ ಮುಂದೆ ನಿಂತಿದ್ದಳು. ಅಷ್ಟು ಹೊತ್ತೂ ಆ ಹಾಳು ಪಕ್ಕು ಆಚೆ ತುದಿಯಲ್ಲೇ ಓಡಾಡಿಕೊಂಡಿತ್ತು! ನಮ್ಮವರು ಚೆನ್ನಾಗಿ ಆಡಿದರಲ್ಲ, ಅದೇ ನನ್ನ ಹೊಟ್ಟೆಯುರಿ. ಒಂದು ಹೊಡೆತವೂ ಅವಳ ಕಡೆ ಬರಲಿಲ್ಲ. ಅವಳು ವಾಪಸ್ಸು ಬಂದು, ಟೋಪಿ ಹಾಕಿಕೊಂಡು, ಬಾಗಿಲು ಹಾಕಿದಳು.

ಹೀಗೇ ವರ್ಷಗಳು ಹೋದವು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಮೊದಲ ಗೋಲ್‌ಕೀಪರು ಆಟ ಬಿಡುತ್ತೇನೆ ಎಂದಳು. ಸೀಸನ್ನು ಮುಗಿದ ದಿನ ದೀಕ್ಷಾ ಕಾರಿನ ಬಾಗಿಲು ತೆಗೆಯುವಾಗಲೇ ಕೂಗಿದಳು. "ಆಂಟಿ! ಕೋಚ್ ಹೇಳಿದ್ರು. ನೆಕ್ಸ್ಟ್ ಇಯರ್, ನೆಟ್ ಈಸ್ ಮೈನ್!" ಮುಂದಿನ ವರ್ಷ ಗೋಲು ಇವಳದ್ದು. ಹೆದ್ದಾರಿಯಲ್ಲಿ ನಾನು ಹಾರ್ನು ಹೊಡೆದ ಹೊಡೆತಕ್ಕೆ ಪಕ್ಕದ ಲಾರಿಯವನು ತಾನೇನೋ ತಪ್ಪು ಮಾಡಿದೆನೆಂದು ಲೇನು ಬಿಟ್ಟುಕೊಟ್ಟ. ಹೊಸ ಸೀಸನ್ನು ಶುರುವಾಗುವ ಅಕ್ಟೋಬರಿಗೆ ಶಕುಂತಳಾ ಬರುವುದೆಂದು ಅಂದೇ ನಿಶ್ಚಯವಾಯಿತು.

ಅದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಆಟಗಾರ್ತಿಯರೆಲ್ಲ ಒಟ್ಟಿಗೆ ಫೋನಿಗೆ ಬರಬೇಕೆಂದು ಲೀಗಿನಿಂದ ಸಂದೇಶ ಬಂದಿತ್ತು. ದೀಕ್ಷಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಹೊಸ ಟೇಪಿನ ಉರುಳೆ ಹಿಡಿದು ಕೂತಳು. ಒಬ್ಬ ಹೆಂಗಸು ಏನನ್ನೋ ನೋಡಿ ಓದುತ್ತಿದ್ದಳು. ಲೀಗು ನಡೆಸಲು ಇನ್ನು ಸಾಧ್ಯವಿಲ್ಲ, ಇಲ್ಲಿಗೆ ಮುಗಿಯಿತು, ಎಲ್ಲರಿಗೂ ಧನ್ಯವಾದ. ಆ ಕಡೆ ಯಾರೋ ಬಿಕ್ಕಿದ್ದು ಕೇಳಿಸಿತು, ಮತ್ತೆ ಫೋನು ಸುಮ್ಮನಾಯಿತು. ಒಂದು ದೋಸೆ ಬೇಯುವಷ್ಟರಲ್ಲಿ ಒಂದು ಲೀಗು ಮುಗಿದುಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಗುಚಲು ಸಟ್ಟುಗ ಹುಡುಕಿದರೆ ಅದು ಅವಳ ಕೈಯಲ್ಲಿತ್ತು. ಫೋನು ಕೇಳುತ್ತ ಕೇಳುತ್ತ ಕೈಗೆ ಸಿಕ್ಕಿದ್ದಕ್ಕೆ ಟೇಪು ಸುತ್ತಿದ್ದಳು. ಅರ್ಧರ್ಧ ಬರುವ ಹಾಗೆ, ಒಂದು ಸುಕ್ಕಿಲ್ಲದೆ. ಗಂಟು ಮಾತ್ರ ಬಾಕಿ ಇತ್ತು, ಅದನ್ನೂ ಕಟ್ಟಿ ಮುಗಿಸಿದಳು.

"ದೋಸೆ ಕರಟಿತು, ಆಂಟಿ" ಎಂದಳು. ಅಷ್ಟು ಸ್ಪಷ್ಟ ಕನ್ನಡ ಅವಳ ಬಾಯಲ್ಲಿ ಮೊದಲು ಕೇಳಿರಲಿಲ್ಲ.

ದೊಡ್ಡ ಹೆಸರಿನವರಿಗೆ ದೇಶದ ಟೀಮು ಇತ್ತು, ಗಡಿಯಾಚೆ ಬೇರೆ ಲೀಗು ಇತ್ತು. ಆಡದ ಗೋಲ್‌ಕೀಪರನ್ನು ಯಾರು ಕರೆಯುತ್ತಾರೆ? ಅವಳ ಆಫೀಸಿನವರು ಎಡ್ಮಂಟನ್ನಿಗೆ ವರ್ಗ ಕೊಟ್ಟರು. ಹೊರಡುವ ಹಿಂದಿನ ದಿನ ಬಿಸಿಲಿತ್ತು, ಡ್ರೈವ್‌ವೇ ಅಂಚಿನಲ್ಲಿ ಕೊಳೆ ಹಿಮ ಇನ್ನೂ ಉಳಿದಿತ್ತು. ಅವಳು ಬೇಸ್‌ಮೆಂಟಿನಿಂದ ಪ್ಯಾಡು, ಮುಖವಾಡ, ಟೀಮಿನ ಜರ್ಸಿ ಎಲ್ಲ ಹಾಕಿಕೊಂಡು ಬಂದಳು. ಕಾಲಿಗೆ ಮಾತ್ರ ಕ್ಯಾನ್ವಾಸ್ ಶೂ. ಎದುರು ಮನೆಯ ಮಕ್ಕಳ ಗೋಲಿನ ಬಲೆ ಕಡ ತಂದು ರಸ್ತೆಯಲ್ಲಿ ನಿಲ್ಲಿಸಿ, ನನಗೊಂದು ಹಳೆಯ ಸ್ಟಿಕ್ಕು, ಒಂದು ಕಿತ್ತಳೆ ಚೆಂಡು ಕೊಟ್ಟಳು. "ಹೊಡೀರಿ ಆಂಟಿ. ಫುಲ್ ಗೇಮ್. ಪಾಪ ಅಂತ ಸುಮ್ನೆ ಹೊಡೀಬೇಡಿ. ರಿಯಲ್ ಆಗಿ."

ಹೊಡೆದೆ. ಐಸ್ ಹಾಕಿಯ ಒಂದು ಮ್ಯಾಚೆಂದರೆ ಮೂರು ಪೀರಿಯಡ್ಡು. ಮೊದಲನೆಯದರಲ್ಲಿ ಚೆಂಡಿಗಿಂತ ಹೆಚ್ಚು ನೆಲಕ್ಕೆ ಹೊಡೆದೆ. ಪಕ್ಕದ ಮನೆಯ ಪಂಜಾಬಿ ತಾತ ಕುರ್ಚಿ ತಂದು ಕೂತು, "ಶಾಬಾಶ್! ಔರ್ ಜೋರ್ ಸೇ!" ಎಂದು ಕೂಗತೊಡಗಿದರು. ಕಾರು ಬಂದಾಗ ಬಲೆ ಎತ್ತಿ ಪಕ್ಕಕ್ಕಿಟ್ಟೆವು. ಮಧ್ಯಂತರದಲ್ಲಿ ದೋಸೆ ತಿಂದೆವು. ಎರಡನೇ ಪೀರಿಯಡ್ಡಿಗೆ ನನ್ನ ಸೆರಗು ಸೊಂಟಕ್ಕೆ ಬಂತು. ಎಡಕ್ಕೆ, ಬಲಕ್ಕೆ, ಕೆಳಗೆ, ಎಲ್ಲಿ ಹೊಡೆದರೂ ಅವಳು ಅಲ್ಲಿರುತ್ತಿದ್ದಳು. ಮೂರನೆಯದರಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಆ ಫೋನಿನ ಮೇಲೆ, ಬೆಂಚಿನ ಬಾಗಿಲಿನ ಮೇಲೆ, ಲೀಲಾ ಟೀಚರ ಮೇಲೆ, ನಾಳೆಯಿಂದ ವಾಸನೆ ಇಲ್ಲದ ಮನೆಯ ಮೇಲೆ. ಇದ್ದ ಬಲವೆಲ್ಲ ಹಾಕಿ ಬೀಸಿದೆ. ಚೆಂಡು ನನ್ನ ಜನ್ಮದಲ್ಲಿ ಎಂದೂ ಹೋಗದಷ್ಟು ಮೇಲೆ, ಬಲೆಯ ಮೂಲೆಯ ಕಡೆಗೆ ಹಾರಿತು. ಅವಳು ಮಂಡಿಯೂರಿದಲ್ಲಿಂದಲೇ ಹಾರಿ ಗವಸಿನಲ್ಲಿ ಹಿಡಿದಳು.

ಹಿಡಿದವಳು ಏಳಲಿಲ್ಲ. ಮುಖವಾಡದೊಳಗೆ ಅಳುತ್ತಿದ್ದಳು. ನಾನು ಹೋಗಿ ಆ ದೊಡ್ಡ ಪ್ಯಾಡುಗಳ ಸಮೇತ ಅವಳನ್ನು ಅಪ್ಪಿಕೊಂಡು ಅತ್ತೆ. ತಾತ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮರುದಿನ ಏರ್‌ಪೋರ್ಟಿಗೆ ಬಿಟ್ಟು ಬರುವಾಗ ದಾರಿ ತಪ್ಪಿದೆ, ಈ ಸಲ ಬೇಕೆಂದು ಅಲ್ಲ. ಮನೆಗೆ ಬಂದು ಬೇಸ್‌ಮೆಂಟಿಗೆ ಇಳಿದೆ; ಬರೀ ಸಾಬೂನಿನ ವಾಸನೆ, ಹೋಗುವ ಮೊದಲು ನೆಲ ಒರೆಸಿಟ್ಟಿದ್ದಳು. ಮೆಟ್ಟಿಲ ಮೇಲೆ ಕೂತಿದ್ದಾಗ ಫೋನು ಬಂತು, ಶಕುಂತಳಾ.

"ಫ್ಲೈಟು ಹತ್ತಿದ್ಲಾ?"

"ಹತ್ತಿದ್ಲು."

"ಅಲ್ಲಾ ವನಜಾ, ಅವಳಲ್ಲಿ ಕೇಳ್ಲಿಕ್ಕೆ ನನಗೆ ಆಗುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಪೂರ್ತಿ ಮ್ಯಾಚು..."

"ಆಡಿದ್ಲು" ಎಂದೆ.

"ಹೌದಾ! ಯಾವಾಗ?"

"ನಿನ್ನೆ. ಮೂರು ಪೀರಿಯಡ್ಡೂ ಅವಳೇ. ಒಂದು ಗೋಲೂ ಬಿಡ್ಲಿಲ್ಲ."

"ಎದುರಿಗೆ ಯಾರು ಆಡಿದ್ದು?"

"ನಾನು."

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ನೀನು ಸರಿಯಾಗಿ ಹೊಡ್ದಿದ್ಯಾ?"

"ಜೀವ ಬಿಟ್ಟು ಹೊಡ್ದೆ ಮಾರಾಯ್ತಿ."

"ಹಾಗಾದ್ರೆ ಅದು ಮ್ಯಾಚೇ" ಎಂದಳು ಶಕುಂತಳಾ.